ನಯವಾದ ಉಣ್ಣೆ: ಮೈಗೆ ಹಿತ, ಮಾರುವವರಿಗೆ ಲೆಕ್ಕ

ಹೊಸಪೇಟೆ, ಕಂಪ್ಲಿಯಂತಹ ಬಿಸಿಲೂರುಗಳಲ್ಲಿ ಉಣ್ಣೆಯ ಉಡುಪನ್ನು ಕೊಳ್ಳುವವರಾರು ಎಂದು ವರ್ತಕರು ಕೇಳುವುದುಂಟು. ನಮ್ಮಲ್ಲಿ ಉಣ್ಣೆಯೆಂದರೆ ಕಂಬಳಿಯೇ. ಬಳ್ಳಾರಿ ತಳಿಯ ಕುರಿಯ ಒರಟು ಉಣ್ಣೆಯಿಂದ ನೇಯ್ದ ಕಂಬಳಿಯು ಮಳೆ, ಚಳಿಗಳಿಗೆ ಒದಗುತ್ತದೆ, ಬರಿಮೈಗೆ ಚುಚ್ಚುತ್ತದೆ. ಕಾರಣ ಎಳೆಯ ದಪ್ಪ. ಸುಮಾರು 30 ಮೈಕ್ರಾನ್ ಮೀರಿದ ಎಳೆಯ ತುದಿ ಬಾಗದೆ ಚರ್ಮವನ್ನು ಒತ್ತುತ್ತದೆ. 20 ಮೈಕ್ರಾನ್‌ಗಿಂತ ತೆಳುವಾದ ಮೆರಿನೊ ಎಳೆ ಸುಲಭವಾಗಿ ಬಾಗುವುದರಿಂದ ಒಳಅಂಗಿಗೂ ಸಲ್ಲುತ್ತದೆ. (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.)

ಉಣ್ಣೆಯು ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದು. ಹಂಪಿಯಲ್ಲಿ ಸೂರ್ಯೋದಯ ನೋಡಲು ಮಾತಂಗ ಬೆಟ್ಟವನ್ನೇರುವವರು ಏರುವಾಗ ಬೆವರುತ್ತಾರೆ, ತುದಿಯ ಗಾಳಿಗೆ ನಡುಗುತ್ತಾರೆ. ಬೆವರಿಗೆ ನೆನೆದ ಹತ್ತಿಯಂಗಿ ಆಗ ತಣ್ಣಗೆ ಮೈಗಂಟುತ್ತದೆ. ತೆಳು ಉಣ್ಣೆ ಹಾಗೆ ಮಾಡದು. ಬೆವರಿನ ವಾಸನೆಯನ್ನೂ ಅದು ಬೇಗ ಹಿಡಿಯದು. ಸಂಡೂರಿನ ಬೆಟ್ಟಗಳಲ್ಲಿ ಚಳಿಗಾಲದ ಮುಂಜಾನೆ ತಿರುಗುವವರಿಗೂ ಇದು ಅನ್ವಯಿಸುತ್ತದೆ. ನನ್ನ ದೃಷ್ಟಿಯಲ್ಲಿ ನಮ್ಮ ಗಿರಾಕಿ ಇವರೇ.

ಖರೀದಿಸುವಾಗ ಬಟ್ಟೆಯ ದಪ್ಪಕ್ಕೆ ಮರುಳಾಗದೆ ಎಳೆಯ ಮೈಕ್ರಾನ್ ಎಷ್ಟು, ಅಕ್ರಿಲಿಕ್ ಬೆರಕೆ ಎಷ್ಟು ಎಂದು ವಿಚಾರಿಸತಕ್ಕದ್ದು. ಬೆಲೆ ನಿಗದಿಯಲ್ಲಿ ಇನ್ನೂ ಎಚ್ಚರ ಬೇಕು. 2025ರ ಸೆಪ್ಟೆಂಬರ್ 22ರಿಂದ ರೂ. 2,500ರವರೆಗಿನ ಉಡುಪಿಗೆ ಜಿ.ಎಸ್.ಟಿ. ಶೇ. 5, ಮೀರಿದರೆ ಶೇ. 18. ರೂ. 2,500ರ ಅಂಗಿ ತೆರಿಗೆ ಸೇರಿ ರೂ. 2,625 ಆದರೆ, ರೂ. 2,600ರ ಅಂಗಿ ರೂ. 3,068 ಆಗುತ್ತದೆ. ನೂರು ರೂಪಾಯಿಯ ಆಸೆಗೆ ಗಿರಾಕಿಯು ರೂ. 443 ಹೆಚ್ಚು ತೆರಬೇಕು!

ಉಳಿದ ಸರಕನ್ನು ನುಸಿಯಿಂದ ಕಾಪಾಡಿರಿ. ನುಸಿ ತಿಂದ ಮಾಲನ್ನು ಲೆಕ್ಕದಿಂದ ತೆಗೆದುಹಾಕಿದಲ್ಲಿ, ಅದರ ಮೇಲೆ ಪಡೆದ ಹೂಡುವಳಿ ತೆರಿಗೆ ಜಮೆಯನ್ನೂ ಹಿಂದಿರುಗಿಸಬೇಕಾಗುತ್ತದೆ.