ಜಾಗ ಉಳಿಸುವ ಕೇರಂ ಮೇಜು

ಮಳೆಗಾಲದಲ್ಲಿ ಮೈದಾನದ ಆಟ ನಿಂತಾಗ ಮಕ್ಕಳೂ ಯುವಜನರೂ ಕೇರಂ ಬೋರ್ಡಿನ ಸುತ್ತ ಸೇರುತ್ತಾರೆ. ಆದರೆ ನಮ್ಮ ಚಿಕ್ಕ ಕೋಣೆಗಳಲ್ಲಿ ಅದಕ್ಕೆಂದೇ ಮೇಜು ಇಡಲು ಜಾಗವಿಲ್ಲ. ತೇವದ ಗೋಡೆಗೆ ಒರಗಿಸಿಟ್ಟ ಬೋರ್ಡು ಬಾಗಿದರೆ ಆಟವೇ ಕೆಡುತ್ತದೆ. ಇದಕ್ಕೆ ಮಡಚುವ ಮೇಜು ಒಳ್ಳೆಯ ಪರಿಹಾರ.

ಕೇರಂ ಆಡುವ ಹಲಗೆ 74 ಸೆಂ.ಮೀ. ಚೌಕ, ಸುತ್ತಲಿನ ಚೌಕಟ್ಟು ಸೇರಿ ಸುಮಾರು 90 ಸೆಂ.ಮೀ. ಆದ್ದರಿಂದ 60 ಸೆಂ.ಮೀ. ಎತ್ತರದ ಕಪಾಟಿಗೆ 90 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಮೇಲ್ಹಲಗೆ ಹಾಕಿಸೋಣ. ಅದರ ಎರಡೂ ಬದಿಗೆ ಅಷ್ಟೇ ಅಳತೆಯ ಹಲಗೆಗಳನ್ನು ಹಿಂಜ್ ಹಾಕಿ ಜೋಡಿಸಬೇಕು. ಬಾಗಿಲಿನಂತೆ ಹೊರಕ್ಕೆ ತಿರುಗುವ ಕಾಲುಗಳು ಅವನ್ನು ಹೊರುತ್ತವೆ. ಕಪಾಟು ಮೇಲ್ಹಲಗೆಗಿಂತ ಕಿರಿದಾಗಿದ್ದರೆ ಕಾಲುಗಳು ಅಲ್ಲೇ ಮಡಚಿ ಕೂರುತ್ತವೆ. ಕಾಲು ಜಾರದಂತೆ ಹಲಗೆಯ ಅಡಿಗೆ ಮರದ ತಡೆ ಹೊಡೆಸಲೇಬೇಕು. ಇಲ್ಲವಾದರೆ ಭಾರದ ಬೋರ್ಡು ಮಕ್ಕಳ ಮೇಲೆ ಬಿದ್ದೀತು.

ಕಪಾಟಿನ ಬಾಗಿಲು ತುದಿಯಲ್ಲಿರಲಿ. ಒಳಗೆ 9 ಬಿಳಿ, 9 ಕಪ್ಪು ಕಾಯಿ, ಕೆಂಪು ರಾಣಿ, ಸ್ಟ್ರೈಕರ್, ಚೆಸ್, ಲೂಡೋ ಎಲ್ಲವೂ ಹಿಡಿಯುತ್ತವೆ. ಕೇರಂ ಪೌಡರ್ ಹೆಚ್ಚಾಗಿ ಬೋರಿಕ್ ಆಮ್ಲ. ಹೊಟ್ಟೆಗೆ ಹೋದರೆ ಅಪಾಯ. ಅದಕ್ಕೆ ಬೀಗವಿರುವ ಖಾನೆಯೇ ಬೇಕು. ಬೋರ್ಡನ್ನು ಗೋಡೆಗೆ ತಾಗದಂತೆ ಮರದ ಪಟ್ಟಿಗಳ ಮೇಲೆ ತೂಗುಹಾಕೋಣ.

ಕರಾವಳಿಯ ತೇವಕ್ಕೆ ಐ.ಎಸ್. 710 ಗುರುತಿನ ಪ್ಲೈವುಡ್ ಉತ್ತಮ. ಬಡಗಿಯ ಬಳಿ ಹೋಗುವ ಮೊದಲು ನಮ್ಮ ಬೋರ್ಡನ್ನೊಮ್ಮೆ ಅಳೆದುಕೊಳ್ಳೋಣ.