ಅನಾರ್ಕಾ ಈಗ 15 ಅಡಿ ಎತ್ತರ

ಅಮೆರಿಕದ ಮಾಂಟ್‌ಗೊಮರಿಯಲ್ಲಿ 1840ರ ದಶಕದಲ್ಲಿ ಸಿಮ್ಸ್ ಎಂಬ ವೈದ್ಯ ಗುಲಾಮ ಹೆಣ್ಣುಮಕ್ಕಳ ಮೇಲೆ ಆಪರೇಷನ್ ಪ್ರಯೋಗ ನಡೆಸಿದ. ಅನಾರ್ಕಾ ಎಂಬಾಕೆಗೆ ಸುಮಾರು 30 ಸಲ, ಅರಿವಳಿಕೆಯಿಲ್ಲದೆ. ಅವನಿಗೆ ಸಿಕ್ಕಿದ್ದು 'ಸ್ತ್ರೀರೋಗಶಾಸ್ತ್ರದ ಪಿತಾಮಹ' ಎಂಬ ಬಿರುದು!

ಅದೇ ಊರಲ್ಲಿ 1973ರಲ್ಲಿ 14 ಮತ್ತು 12 ವರ್ಷದ ರೆಲ್ಫ್ ಸೋದರಿಯರಿಗೆ ಸಂತಾನಹರಣ ಆಪರೇಷನ್ ಮಾಡಿದರು. ಓದಲು ಬಾರದ ತಾಯಿ ಚುಚ್ಚುಮದ್ದಿಗೆಂದುಕೊಂಡು ಕಾಗದಕ್ಕೆ ಗುರುತು ಹಾಕಿದ್ದಳು. ಆಸ್ಪತ್ರೆಯ ಭಯ ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯುವುದು ಹೀಗೆಯೇ. ಅದನ್ನು ಬರೀ ಅಜ್ಞಾನ ಎನ್ನುವವರೊಂದಿಗೆ ನನಗೆ ಜಗಳವಿದೆ.

1994ರಲ್ಲಿ ಷಿಕಾಗೊದಲ್ಲಿ ಸೇರಿದ ಕಪ್ಪು ಮಹಿಳೆಯರು 'ಸಂತಾನೋತ್ಪತ್ತಿ ನ್ಯಾಯ' ಎಂಬ ಹೆಸರು ಕೊಟ್ಟರು: ಹೆರುವ, ಹೆರದಿರುವ, ಹೆತ್ತದ್ದನ್ನು ನಿರ್ಭಯವಾಗಿ ಬೆಳೆಸುವ ಹಕ್ಕು.

ಸಿಮ್ಸ್‌ನ ಪ್ರತಿಮೆ 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಹೋಯಿತು. 2021ರಲ್ಲಿ ಮಾಂಟ್‌ಗೊಮರಿಯಲ್ಲಿ ಕಲಾವಿದೆ ಮಿಶೆಲ್ ಬ್ರೌಡರ್ ಗುಜರಿ ಲೋಹದಿಂದ ಅನಾರ್ಕಾ, ಬೆಟ್ಸಿ, ಲೂಸಿಯರನ್ನು ನಿಲ್ಲಿಸಿದರು.