ಹಗುರವಾದ ಕಡೆದ ಪಲ್ಯ: ಎಣ್ಣೆ ಕಡಿಮೆ, ತಿನ್ನಲು ಮೆತ್ತಗೆ



ರೋಗಿಯನ್ನು ಮನೆಗೆ ಕಳಿಸುವಾಗ ವೈದ್ಯರು ‘ಎಣ್ಣೆ, ಉಪ್ಪು ಕಡಿಮೆ ಮಾಡಿರಿ, ಮೆತ್ತನೆಯ ಊಟ ಕೊಡಿರಿ’ ಎಂದು ಹೇಳುತ್ತಾರೆ. ಮನೆಯಲ್ಲಿ ಅಡುಗೆ ಮಾಡುವವರಿಗೆ ಏಳುವ ಪ್ರಶ್ನೆ ಒಂದೇ: ಹಾಗಾದರೆ ರೊಟ್ಟಿಗೆ ಏನು ಹಚ್ಚಿಕೊಳ್ಳುವುದು? ಸಪ್ಪೆ ಪಲ್ಯ ಕೊಟ್ಟರೆ ರೋಗಿ ಎರಡು ತುತ್ತಿಗೇ ತಟ್ಟೆ ಸರಿಸುತ್ತಾರೆ. ಮೂರನೆಯ ದಿನ ಮತ್ತೆ ಎಣ್ಣೆಗಾಯಿ, ಶೇಂಗಾ ಹಿಂಡಿ, ರಂಜಕ ತಟ್ಟೆಗೆ ಬರುತ್ತವೆ. ಅದಕ್ಕಾಗಿ ರುಚಿಯೂ ಇರುವ, ಹಗುರವೂ ಆದ ಒಂದು ಪಲ್ಯವನ್ನು ಇಲ್ಲಿ ತಿಳಿಸಿದ್ದೇವೆ.

ಇದು ಏಕೆ ಹಗುರ?

ಪಲ್ಯ ಬೆಣ್ಣೆಯಂತೆ ನುಣ್ಣಗಾಗಲು ಎಣ್ಣೆ, ಕೆನೆ, ಶೇಂಗಾ ಪುಡಿ ಬೇಕೇ ಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಹೂಕೋಸು ಮತ್ತು ಸೋರೆಕಾಯಿ ಚೆನ್ನಾಗಿ ಬೆಂದು, ನೀರು ಬಸಿದರೆ ತಾವೇ ನುಣ್ಣಗಾಗುತ್ತವೆ. ಬೇಯಿಸಿದ 100 ಗ್ರಾಂ ಬಟಾಟೆಯಲ್ಲಿ (ಆಲೂಗಡ್ಡೆ) ಸುಮಾರು 85 ಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಹೂಕೋಸಿನಲ್ಲಿ ಸುಮಾರು 25 ಮಾತ್ರ. ಸೋರೆಕಾಯಿಯಲ್ಲಿ ಇನ್ನೂ ಕಡಿಮೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಾದರೋ ಸುಮಾರು 120 ಕ್ಯಾಲೊರಿ ಇರುತ್ತದೆ.

ಜಮಖಂಡಿ, ಮುಧೋಳದ ಕಬ್ಬಿನ ಹೊಲದಲ್ಲಿ ದಿನವಿಡೀ ದುಡಿಯುವವರ ಮೈ ಹೆಚ್ಚಿನ ಎಣ್ಣೆಯನ್ನು ಸ್ವಲ್ಪವಾದರೂ ಕರಗಿಸೀತು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮುಂದೆಯೇ ದಿನ ಕಳೆಯುವವರಿಗೆ, ಹಾಸಿಗೆ ಹಿಡಿದವರಿಗೆ ಅದೇ ಎಣ್ಣೆ ಭಾರವಾಗುತ್ತದೆ.

ಬೇಕಾಗುವ ಸಾಮಗ್ರಿ (ಮೂವರಿಗೆ)

ಹೂಕೋಸು 250 ಗ್ರಾಂ, ಎಳೆಯ ಸೋರೆಕಾಯಿ 250 ಗ್ರಾಂ, ಕೆನೆ ತೆಗೆದ ಹಾಲಿನ ಗಟ್ಟಿ ಮೊಸರು 3 ದೊಡ್ಡ ಚಮಚ, ಎಣ್ಣೆ 1 ಸಣ್ಣ ಚಮಚ, ಜೀರಿಗೆ ಅರ್ಧ ಸಣ್ಣ ಚಮಚ, ಬಳ್ಳೊಳ್ಳಿ 2 ಎಸಳು, ಉಪ್ಪು ಕಾಲು ಸಣ್ಣ ಚಮಚ, ಸ್ವಲ್ಪ ಕೊತ್ತಂಬರಿ. ಬೇಕಾದರೆ ಲಿಂಬೆರಸ.

ಮಾಡುವ ವಿಧಾನ

1. ಹೂಕೋಸನ್ನು ಬಿಡಿಸಿ, ಉಪ್ಪು-ಅರಿಷಿಣ ಹಾಕಿದ ಬೆಚ್ಚಗಿನ ನೀರಿನಲ್ಲಿ 10 ನಿಮಿಷ ಇಟ್ಟು ತೊಳೆಯಿರಿ. ಹುಳು ಇದ್ದರೆ ಹೊರಬೀಳುತ್ತವೆ.

2. ಸೋರೆಕಾಯಿಯ ಸಣ್ಣ ಚೂರನ್ನು ಹಸಿಯಾಗಿ ನಾಲಿಗೆಗೆ ಹಚ್ಚಿ ನೋಡಿ ಉಗುಳಿಬಿಡಿ. ಕಹಿ ಇದ್ದರೆ ಇಡೀ ಕಾಯಿಯನ್ನು ಎಸೆಯಿರಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ವಾಂತಿ, ಭೇದಿ, ರಕ್ತವಾಂತಿಯವರೆಗೂ ಹೋಗಬಹುದು. ಕಹಿ ಸೋರೆಕಾಯಿ ರಸ ಕುಡಿದು ದೇಶದಲ್ಲಿ ಸಾವುಗಳೂ ಆಗಿವೆ.

3. ಎರಡನ್ನೂ ಸಣ್ಣಗೆ ಹೆಚ್ಚಿ, ಅರ್ಧ ಲೋಟ ನೀರು ಹಾಕಿ, ಮುಚ್ಚಿ 12ರಿಂದ 15 ನಿಮಿಷ ಬೇಯಿಸಿರಿ. ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು.

4. ಜರಡಿಯಲ್ಲಿ ಹಾಕಿ ಐದು ನಿಮಿಷ ನೀರು ಬಸಿಯಿರಿ. ಈ ಹಂತ ಬಿಟ್ಟರೆ ಪಲ್ಯ ನೀರಾಗುತ್ತದೆ, ಆಮೇಲೆ ಅದನ್ನು ಗಟ್ಟಿ ಮಾಡಲು ಎಣ್ಣೆ, ಹಿಟ್ಟು ಹಾಕಬೇಕಾಗುತ್ತದೆ. ಬಸಿದ ನೀರನ್ನು ಬೇಳೆಗೆ ಬಳಸಬಹುದು.

5. ಕಡಗೋಲಿನಿಂದಲೋ ಸೌಟಿನ ಹಿಂಬದಿಯಿಂದಲೋ ನುಣ್ಣಗೆ ಕಡೆಯಿರಿ. ಗಂಟು ಉಳಿಯಬಾರದು.

6. ಒಂದು ಚಮಚ ಎಣ್ಣೆಯಲ್ಲಿ ಜೀರಿಗೆ, ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ ಕೊಟ್ಟು ಬೆರೆಸಿರಿ. ಪಲ್ಯವನ್ನು ಒಲೆಯಿಂದ ಇಳಿಸಿ, ಸ್ವಲ್ಪ ಆರಿದ ಮೇಲೆ ಮೊಸರು, ಉಪ್ಪು, ಕೊತ್ತಂಬರಿ ಹಾಕಿರಿ. ಬಿಸಿಗೆ ಹಾಕಿದರೆ ಮೊಸರು ಒಡೆಯುತ್ತದೆ.

ಒಬ್ಬರ ಪಾಲಿಗೆ ಸುಮಾರು 60 ಕ್ಯಾಲೊರಿ. ಹೂಕೋಸು ಸಿಗದ ಕಾಲದಲ್ಲಿ ಹೀರೇಕಾಯಿ ಅಥವಾ ಕುಂಬಳಕಾಯಿ ಆಗುತ್ತದೆ.

ನೆನಪಿಡಬೇಕಾದ ಮುಖ್ಯ ಮಾತು

ಈ ಪಲ್ಯ ಬಟಾಟೆ ಪಲ್ಯದ, ಎಣ್ಣೆಗಾಯಿಯ ಬದಲಿಗೆ ಬರಬೇಕು, ಅವುಗಳ ಜೊತೆಗಲ್ಲ. ಎರಡನ್ನೂ ತಟ್ಟೆಗೆ ಹಾಕಿದರೆ ಹಗುರ ಆದಂತಾಗುವುದಿಲ್ಲ. ಉಪ್ಪಿನ ಲೆಕ್ಕವನ್ನೂ ಮರೆಯಬೇಡಿ. ಪೂರ್ತಿ ದಿನಕ್ಕೆ ಒಬ್ಬರಿಗೆ ಒಂದು ಸಣ್ಣ ಚಮಚ, ಅಂದರೆ 5 ಗ್ರಾಂ ಒಳಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಚಟ್ನಿ ಪುಡಿಯಲ್ಲಿರುವ ಉಪ್ಪೂ ಅದರಲ್ಲೇ ಸೇರುತ್ತದೆ.

ಎಚ್ಚರಿಕೆ

* ಸಕ್ಕರೆ ಕಾಯಿಲೆಯವರು: ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ರೊಟ್ಟಿ ಬಿಟ್ಟು ಬರೀ ಈ ಪಲ್ಯ ತಿನ್ನಬಾರದು. ಸಕ್ಕರೆ ಅಂಶ ಬಹಳ ಇಳಿದು ಬೆವರು, ನಡುಕ, ತಲೆಸುತ್ತು ಬರಬಹುದು. ಆಗ ಎಚ್ಚರವಿದ್ದರೆ ಕೂಡಲೇ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿರಿ, ವೈದ್ಯರಿಗೆ ತಿಳಿಸಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ತನ್ನಿ.

* ಲಕ್ವ ಹೊಡೆದವರು: ನುಂಗುವ ಶಕ್ತಿಯನ್ನು ನಮ್ಮ ಸಿಬ್ಬಂದಿ ನೋಡಿ ಹೇಳುವವರೆಗೆ ಕೊಡಬೇಡಿ. ಒಪ್ಪಿದ ಮೇಲೂ ನೆಟ್ಟಗೆ ಕೂಡ್ರಿಸಿ, ಅರ್ಧ ಚಮಚದಂತೆ ಕೊಡಿ, ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕೆಮ್ಮು ಬಂದರೆ, ದನಿ ಒದ್ದೆಯಾದಂತೆ ಕೇಳಿಸಿದರೆ ನಿಲ್ಲಿಸಿರಿ.

* ಮೂತ್ರಪಿಂಡದ ಕಾಯಿಲೆಯವರು: ತರಕಾರಿಯ ಪೊಟ್ಯಾಸಿಯಂ ಕೆಲವರಿಗೆ ತೊಂದರೆ ಕೊಡುತ್ತದೆ. ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳಿರಿ. ಅವರ ಬೇಳೆಗೆ ಬಸಿದ ನೀರು ಹಾಕಬೇಡಿ, ಚೆಲ್ಲಿರಿ.

* ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು: ವೈದ್ಯರು ಊಟಕ್ಕೆ ಒಪ್ಪಿಗೆ ಕೊಟ್ಟ ಮೇಲಷ್ಟೇ ಕೊಡಿ. ಹೂಕೋಸು ವಾಯು ತುಂಬಿಸುತ್ತದೆ. ಮೊದಮೊದಲು ಸೋರೆಕಾಯಿ ಒಂದರಿಂದಲೇ ಮಾಡಿರಿ.

ಊರಿಂದ ಬುತ್ತಿ ತರುವವರಿಗೆ

ಬೀಳಗಿ ಕಡೆಯಿಂದಲೋ ಹಳ್ಳಿಯಿಂದಲೋ ಬಸ್ಸಿನಲ್ಲಿ ಡಬ್ಬಿ ತರುವವರು ಮೊಸರನ್ನು ಬೇರೆ ಡಬ್ಬಿಯಲ್ಲಿ ತಂದು ಇಲ್ಲಿ ಕಲಸಿರಿ. ಪಲ್ಯವನ್ನು ಮಾಡಿದ ಎರಡು ಗಂಟೆಯೊಳಗೆ ಉಣಿಸಿರಿ. ಬೇಸಿಗೆಯಲ್ಲಿ ಒಂದೇ ಗಂಟೆ. ಬೆಳಿಗ್ಗೆ ಮಾಡಿದ್ದನ್ನು ರಾತ್ರಿಗೆ ಇಡಬೇಡಿ.

ಊಟವನ್ನು ಪ್ರಸಾದವೆಂದು ತಿಳಿಯುವ ನಾಡು ನಮ್ಮದು. ಪ್ರಸಾದವನ್ನು ಕೆಡಿಸಬಾರದು, ಹಾಗೆಂದು ಉಳಿದದ್ದನ್ನು ರೋಗಿಗೆ ಒತ್ತಾಯಿಸಿ ತಿನ್ನಿಸಬಾರದು. ಬೇಕಾದಷ್ಟೇ ಮಾಡಿ, ಹೊತ್ತಿಗೆ ಸರಿಯಾಗಿ, ಬಿಸಿಯಾಗಿ ಬಡಿಸಿರಿ. ಸಂಶಯವಿದ್ದರೆ ನಮ್ಮ ಸಿಸ್ಟರ್‌ಗಳನ್ನು ಯಾವ ಹೊತ್ತಿಗಾದರೂ ಕೇಳಿರಿ.